ನಿಂತೇ ಇರುವ ಕಾರು: ಟೈರು, ಬ್ಯಾಟರಿ ಎಲ್ಲ ಬದಲಿಸಲೇಬೇಕಾ?

ಪ್ರಶ್ನೆ: ನನ್ನ ಕಾರಿಗೆ ನಾಲ್ಕು ವರ್ಷ. ಓಡಿರುವುದು ಬರೀ 21,000 ಕಿ.ಮೀ. ಮನೆಯಿಂದಲೇ ಕೆಲಸ ಮಾಡುವುದರಿಂದ ಎಷ್ಟೋ ಸಲ ಹತ್ತು-ಹನ್ನೆರಡು ದಿನ ಕಾರು ತೆಗೆಯುವುದೇ ಇಲ್ಲ. ಈಚೆಗೆ ಎರಡು ಸಲ ಸ್ಟಾರ್ಟ್ ಆಗಲಿಲ್ಲ, ಪಕ್ಕದ ಮನೆಯವರ ಕಾರಿನಿಂದ ಜಂಪ್ ಕೊಡಬೇಕಾಯಿತು. 80ರ ಮೇಲೆ ಹೋದರೆ ಸ್ಟೀರಿಂಗ್ ನಡುಗುತ್ತದೆ. ಕೈ ಸಡಿಲ ಬಿಟ್ಟರೆ ಎಡಕ್ಕೆ ಎಳೆಯುತ್ತದೆ. ಮುಂದಿನ ಎಡ ಟೈರಿನ ಒಳ ಅಂಚು ನುಣ್ಣಗಾಗಿದೆ, ಬಲಗಡೆಯದು ಅಷ್ಟಿಲ್ಲ, ಹಿಂದಿನ ಎರಡೂ ನೋಡಲು ಚೆನ್ನಾಗಿವೆ. ಗ್ಯಾರೇಜಿನವರು ನಾಲ್ಕೂ ಟೈರು, ಜೊತೆಗೆ ಬ್ಯಾಟರಿ ಬದಲಿಸಿ ಎನ್ನುತ್ತಾರೆ. ಮಲ್ಟಿಮೀಟರ್ ಹಿಡಿದು ನೋಡಿದೆ: ಎಂಜಿನ್ ಆಫ್ ಇದ್ದಾಗ 12.1 ವೋಲ್ಟ್, ಆನ್ ಇದ್ದಾಗ 14.2. ನಿಜಕ್ಕೂ ಎಲ್ಲ ಬದಲಿಸಬೇಕಾ? ಮುಂದೆ ಹೀಗಾಗದಂತೆ ಏನು ಮಾಡಬೇಕು?

ಉತ್ತರ: ಬ್ಯಾಟರಿಯನ್ನು ಈಗಲೇ ಬದಲಿಸಬೇಡಿ. ಟೈರು ಎರಡು ಬೇಕಾಗಬಹುದು, ನಾಲ್ಕು ಬೇಕು ಅಂತ ನನಗೆ ಅನಿಸುತ್ತಿಲ್ಲ. ಆದರೆ ಹಳೆಯ ಟೈರು ಯಾಕೆ ಹಾಗೆ ಸವೆಯಿತು ಅಂತ ಮೊದಲು ಗೊತ್ತಾಗಬೇಕು. ಇಲ್ಲದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಹಿಡಿಸಿದ್ದು ಆ ಎರಡು ವೋಲ್ಟ್ ಅಂಕಿ. ಸುಮಾರು ಜನ "ಬ್ಯಾಟರಿ ಹೋಯ್ತು" ಅಂತ ಅಷ್ಟೇ ಹೇಳುತ್ತಾರೆ. ನೀವು ಅಳೆದಿದ್ದೀರಿ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಎಂಜಿನ್ ಓಡುವಾಗ 14.2 ಅಂದರೆ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ. 13.7ರಿಂದ 14.7ರ ಒಳಗೆ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಇನ್ನು 12.1. ಕಾರಿನ ಬ್ಯಾಟರಿಯೊಳಗೆ ಆರು ಸೆಲ್ ಇರುತ್ತವೆ. ಒಂದೊಂದೂ ಸುಮಾರು 2.1 ವೋಲ್ಟ್. ಪೂರ್ತಿ ಚಾರ್ಜ್ ಆಗಿ, ಕೆಲವು ಗಂಟೆ ಸುಮ್ಮನೆ ಬಿಟ್ಟ ಬ್ಯಾಟರಿ 12.6 ಅಥವಾ 12.7 ತೋರಿಸಬೇಕು. 12.4 ಅಂದರೆ ಮುಕ್ಕಾಲು ಭಾಗ ಇದೆ. 12.2 ಅಂದರೆ ಅರ್ಧ. 12ಕ್ಕೆ ಬಂದರೆ ಕಾಲುಭಾಗ. 12 ಅನ್ನೋ ಅಂಕಿ ನೋಡಿ "12 ವೋಲ್ಟ್ ಬ್ಯಾಟರಿ, 12 ತೋರಿಸ್ತಿದೆ, ಸರಿಯಾಗೇ ಇದೆ" ಎಂದುಕೊಳ್ಳುವವರು ಜಾಸ್ತಿ. ಅಲ್ಲೇ ಮೋಸ ಹೋಗುವುದು. ನಿಮ್ಮ ಬ್ಯಾಟರಿ ಅರ್ಧಕ್ಕಿಂತ ಕೆಳಗಿದೆ. ಅದು ಹಸಿದಿದೆ. ಸತ್ತಿದೆ ಅಂತ ಇನ್ನೂ ಹೇಳಲು ಬರುವುದಿಲ್ಲ.

ಯಾಕೆ ಹಸಿದಿದೆ? ಒಂದು ಚಿಕ್ಕ ಲೆಕ್ಕ ಹಾಕೋಣ. ಕಾರು ಲಾಕ್ ಮಾಡಿ ಹೋದ ಮೇಲೂ ಅಲಾರಂ, ಗಡಿಯಾರ, ರಿಮೋಟ್‌ಗೆ ಕಾಯುವ ರಿಸೀವರ್, ಕಂಪ್ಯೂಟರ್‌ನ ನೆನಪು, ಎಲ್ಲ ಸ್ವಲ್ಪ ಸ್ವಲ್ಪ ಕರೆಂಟ್ ಕುಡಿಯುತ್ತಲೇ ಇರುತ್ತವೆ. 20ರಿಂದ 50 ಮಿಲಿಆಂಪಿಯರ್‌ವರೆಗೆ ಇದು ಸಹಜ. 40 ಅಂತ ಹಿಡಿಯಿರಿ. ಒಂದು ದಿನಕ್ಕೆ ಹತ್ತಿರ ಹತ್ತಿರ 1 ಆಂಪಿಯರ್-ಅವರ್, ಅಂದರೆ 1 ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದಷ್ಟು. ನಿಮ್ಮದು 45 ಆಂಪಿಯರ್-ಅವರ್ ಬ್ಯಾಟರಿ ಆಗಿದ್ದರೆ ಹನ್ನೆರಡು ದಿನ ನಿಂತರೆ ಕಾಲುಭಾಗಕ್ಕಿಂತ ಜಾಸ್ತಿ ಸದ್ದಿಲ್ಲದೆ ಸೋರಿಹೋಯಿತು. ಈಗ ಎಂಜಿನ್ನನ್ನು ತಿರುಗಿಸಿ ಶುರು ಮಾಡುವ ಸ್ಟಾರ್ಟರ್ ಮೋಟಾರಿನ ಲೆಕ್ಕ ನೋಡಿ. ಅದು 150 ಆಂಪಿಯರ್ ಎಳೆಯುತ್ತದೆ ಅಂದುಕೊಳ್ಳಿ. ಕೇಳಲು ಭಯಂಕರ. ಆದರೆ ಎರಡೇ ಸೆಕೆಂಡು. ಲೆಕ್ಕ ಹಾಕಿದರೆ 1 ಆಂಪಿಯರ್-ಅವರ್‌ನ ಹತ್ತನೇ ಒಂದು ಭಾಗವೂ ಆಗುವುದಿಲ್ಲ. ಅಂದರೆ ಹತ್ತು ಸಲ ಸ್ಟಾರ್ಟ್ ಮಾಡಿದ್ದಕ್ಕಿಂತ ಒಂದು ದಿನ ಸುಮ್ನೆ ನಿಲ್ಲಿಸಿದ್ದೇ ದುಬಾರಿ! "ನಾನು ಕಾರು ಜಾಸ್ತಿ ಬಳಸುವುದೇ ಇಲ್ಲ, ಬ್ಯಾಟರಿ ಹೇಗೆ ಹೋಗುತ್ತೆ?" ಅನ್ನುವವರಿಗೆ ನಾನು ಕೊಡುವ ಉತ್ತರ ಇದೇ. ಬಳಸದ್ದಕ್ಕೇ ಹೋಗುತ್ತದೆ.

ಇದರಲ್ಲಿ ಇನ್ನೊಂದು ತೊಂದರೆ ಇದೆ. ಲೆಡ್-ಆಸಿಡ್ ಬ್ಯಾಟರಿ 1859ರಲ್ಲಿ ಗ್ಯಾಸ್ಟನ್ ಪ್ಲಾಂಟೆ ಮಾಡಿದಾಗಿಂದ ಅದರ ಸ್ವಭಾವ ಬದಲಾಗಿಲ್ಲ. ಚಾರ್ಜ್ ಇಳಿದಂತೆ ಒಳಗಿನ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಬೇಗ ಮತ್ತೆ ಚಾರ್ಜ್ ಮಾಡಿದರೆ ಅದು ಕರಗಿ ಹೋಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಅಷ್ಟು ಜಾಗ ಕೆಲಸಕ್ಕೆ ಬಾರದ್ದಾಯಿತು. ಎರಡು ಸಲ ಪೂರ್ತಿ ಇಳಿದಿದೆ ಅಂದಿರಲ್ಲ, ಒಂದಿಷ್ಟು ಪೆಟ್ಟು ಬಿದ್ದಿರುತ್ತದೆ. ಎಷ್ಟು ಅನ್ನುವುದು ಚಾರ್ಜ್ ಮಾಡಿ ನೋಡಿದರೆ ಗೊತ್ತಾಗುತ್ತದೆ.

ಜಂಪ್ ಕೊಟ್ಟು ಹದಿನೈದು ನಿಮಿಷ ಸುತ್ತಿ ಬಂದರೆ ಸಾಲದು. ಬ್ಯಾಟರಿ ತುಂಬುತ್ತಾ ಹೋದಂತೆ ಚಾರ್ಜ್ ಒಳಗೆ ಹೋಗುವುದು ನಿಧಾನವಾಗುತ್ತದೆ, ಕೊನೆಯ ಭಾಗ ತುಂಬಲು ಗಂಟೆಗಟ್ಟಲೆ ಬೇಕು. ಕಾರು ನಿಂತಲ್ಲೇ ಎಂಜಿನ್ ಆನ್ ಮಾಡಿ ಹತ್ತು ನಿಮಿಷ ಬಿಡುವುದಂತೂ ಸುಮ್ನೆ ಪೆಟ್ರೋಲ್ ದಂಡ. ಒಂದು ಸ್ಮಾರ್ಟ್ ಚಾರ್ಜರ್ ತೆಗೆದುಕೊಳ್ಳಿ ಅಥವಾ ಯಾರದಾದರೂ ಎರವಲು ತನ್ನಿ. ಬ್ಯಾಟರಿ ಮಾದರಿಗೆ ತಕ್ಕ ಮೋಡ್ ಹಾಕಿ, ಗಾಳಿಯಾಡುವ ಜಾಗದಲ್ಲಿ ರಾತ್ರಿಯಿಡೀ ಬಿಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ, ಅದು ಹೊತ್ತಿಕೊಳ್ಳುವ ಅನಿಲ. ಹಾಗಾಗಿ ಕ್ಲಿಪ್ ಹಾಕಿದ ಮೇಲೆ ಸ್ವಿಚ್ ಆನ್, ಸ್ವಿಚ್ ಆಫ್ ಮಾಡಿದ ಮೇಲೆ ಕ್ಲಿಪ್ ತೆಗೆಯುವುದು. ಹತ್ತಿರ ಬೀಡಿ-ಸಿಗರೇಟು ಬೇಡ.

ಚಾರ್ಜರ್ ತೆಗೆದು ಆರೇಳು ಗಂಟೆ ಬಿಟ್ಟು ಅಳೆಯಿರಿ. 12.6 ಇದ್ದರೆ ಅರ್ಧ ಪರೀಕ್ಷೆ ಪಾಸು. ಇನ್ನರ್ಧಕ್ಕೆ ಮೀಟರ್ ಕಡ್ಡಿಗಳನ್ನು ಟರ್ಮಿನಲ್ ಮೇಲೆ ಹಿಡಿದುಕೊಂಡು ಬೇರೆಯವರಿಗೆ ಸ್ಟಾರ್ಟ್ ಮಾಡಲು ಹೇಳಿ. ಆ ಎರಡು ಸೆಕೆಂಡಿನಲ್ಲಿ ಅಂಕಿ ದಡ್ ಅಂತ ಕೆಳಗೆ ಬೀಳುತ್ತದೆ. 10ರ ಮೇಲೆ ನಿಂತರೆ ಒಳ್ಳೆಯದು. 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಸೋತಿದೆ, ಬದಲಿಸಿ. ಚಾರ್ಜ್ ಮಾಡಿದರೂ 12.4 ದಾಟುತ್ತಿಲ್ಲ ಅಂದರೂ ಅದೇ ಮಾತು. ನಾಲ್ಕು ವರ್ಷದ ಬ್ಯಾಟರಿ ಹೋದರೆ ಅದೇನು ಅನ್ಯಾಯವಲ್ಲ. ಮೂರರಿಂದ ಐದು ವರ್ಷ ಅದರ ಆಯಸ್ಸು. ಬಿಸಿ ಜಾಸ್ತಿ ಇರುವ ಕಡೆ ಇನ್ನೂ ಬೇಗ ಹೋಗುತ್ತದೆ. ಬ್ಯಾಟರಿಯನ್ನು ಕೊಲ್ಲುವುದು ಸೆಕೆ, ಅದು ಬಯಲಾಗುವುದು ಚಳಿಯ ಬೆಳಿಗ್ಗೆ.

ಇದೆಲ್ಲಕ್ಕೂ ಮುಂಚೆ ಬಾನೆಟ್ ತೆಗೆದು ಟರ್ಮಿನಲ್ ಕ್ಲ್ಯಾಂಪ್ ಹಿಡಿದು ಒಮ್ಮೆ ತಿರುಚಿ ನೋಡಿ. ಕೈಯಲ್ಲಿ ಅಲ್ಲಾಡಿದರೆ ಅದೇ ಕಳ್ಳ. ನಾನು ನೋಡಿದ "ಸತ್ತ" ಬ್ಯಾಟರಿಗಳಲ್ಲಿ ಎಷ್ಟೋ ಬದುಕಿದ್ದವು, ಕ್ಲ್ಯಾಂಪ್ ಸಡಿಲ ಇತ್ತು ಅಥವಾ ಬಿಳಿ-ಹಸಿರು ಬೂಸ್ಟು ಕಟ್ಟಿತ್ತು. ಕಣ್ಣಿಗೆ ಕಾಣದಿದ್ದರೂ ಹಿಡಿಯಲು ಒಂದು ಉಪಾಯ ಇದೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಸೀಸದ ಕಂಬದ ಮೇಲೆ, ಇನ್ನೊಂದನ್ನು ಅದನ್ನೇ ಹಿಡಿದಿರುವ ಕ್ಲ್ಯಾಂಪ್ ಮೇಲೆ ಇಡಿ. ಈಗ ಸ್ಟಾರ್ಟ್ ಮಾಡಿಸಿ. ಎರಡೂ ಒಂದಕ್ಕೊಂದು ಅಂಟಿಕೊಂಡಿರುವಾಗ ಸೊನ್ನೆಯ ಹತ್ತಿರವೇ ಇರಬೇಕು, ಅಲ್ವಾ? ಅರ್ಧ ವೋಲ್ಟ್ ಬಂದರೆ ನಡುವೆ ಕಿಟ್ಟ ಕೂತಿದೆ ಅಂತ ಅರ್ಥ. ತೆಗೆದು, ಅಡುಗೆ ಸೋಡ ಕಲಸಿದ ನೀರು ಹಾಕಿ ಉಜ್ಜಿ. ನೊರೆ ಬರುತ್ತದೆ, ಅದು ಆಸಿಡ್ ಹೋಗುತ್ತಿರುವ ಗುರುತು. ಒರೆಸಿ ಒಣಗಿಸಿ, ಬಿಗಿ ಮಾಡಿ, ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ. ತೆಗೆಯುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಕಾರಿನ ಬಾಡಿಗೆ ತಗುಲಿದರೆ ಅಲ್ಲೇ ಬೆಂಕಿಯ ಕಿಡಿ. ಕಣ್ಣಿಗೆ ಕನ್ನಡಕ ಇರಲಿ.

ನಿಮ್ಮ ಬ್ಯಾಟರಿಗೆ ನೀರು ಹಾಕುವ ಮುಚ್ಚಳ ಇದ್ದರೆ ಡಿಸ್ಟಿಲ್ಡ್ ನೀರು ಮಾತ್ರ, ಅದೂ ಚಾರ್ಜ್ ಮಾಡಿದ ಮೇಲೆ ಗುರುತಿನವರೆಗೆ. ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಉಕ್ಕುತ್ತದೆ. ಪ್ಲೇಟುಗಳೇ ಮೇಲೆ ಕಾಣುತ್ತಿದ್ದರೆ ಅವು ಮುಳುಗುವಷ್ಟು ಮಾತ್ರ ಮೊದಲು ಹಾಕಿ. ಸೀಲ್ಡ್ ಬ್ಯಾಟರಿಗಳ ಮೇಲಿನ ಹಸಿರು ಕಣ್ಣನ್ನು ಪೂರ್ತಿ ನಂಬಬೇಡಿ. ಅದು ಆರರಲ್ಲಿ ಒಂದೇ ಸೆಲ್ಲಿನ ಸುದ್ದಿ ಹೇಳುತ್ತದೆ.

ಚಾರ್ಜ್ ಸರಿಯಾಗಿ ನಿಂತು, ಮೂರೇ ದಿನಕ್ಕೆ ಮತ್ತೆ ಇಳಿದರೆ ಎಲ್ಲೋ ಹೆಚ್ಚಿನ ಸೋರಿಕೆ ಇದೆ. ಒಬ್ಬರು ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಬದಲಿಸಿ ನನ್ನ ಹತ್ತಿರ ಬಂದಿದ್ದರು. ನಾನು ಮಾಡಿದ್ದು ಇಷ್ಟೇ: ಫೋನಿನಲ್ಲಿ ವಿಡಿಯೊ ಆನ್ ಮಾಡಿ ಡಿಕ್ಕಿಯೊಳಗೆ ಇಟ್ಟು ಮುಚ್ಚಿದೆ. ತೆಗೆದು ನೋಡಿದರೆ ಮುಚ್ಚಿದ ಮೇಲೂ ಒಳಗೆ ದೀಪ ಉರಿಯುತ್ತಲೇ ಇತ್ತು. ಒಂದು ಪುಟ್ಟ ಸ್ವಿಚ್ಚು ಅಂಟಿಕೊಂಡಿತ್ತು. 5 ವ್ಯಾಟ್ ಬಲ್ಬು ಅಂದರೆ ದಿನಕ್ಕೆ ಹತ್ತಿರ ಹತ್ತಿರ 10 ಆಂಪಿಯರ್-ಅವರ್. ಹೊಸ ಬ್ಯಾಟರಿ ಏನು ಮಾಡೀತು, ಪಾಪ. ನಿಮ್ಮ ಕಾರಿನಲ್ಲೂ ಡಿಕ್ಕಿ, ಗ್ಲೋವ್ ಬಾಕ್ಸ್ ಎರಡೂ ನೋಡಿ. ಪಾರ್ಕಿಂಗ್‌ನಲ್ಲೂ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್ ಹಾಕಿಸಿದ್ದರೆ ಅದೂ ಅನುಮಾನಿತರ ಪಟ್ಟಿಯಲ್ಲಿ ಇರಲಿ.

ಬದಲಿಸಲೇಬೇಕಾಗಿ ಬಂದರೆ ಒಂದು ಎಚ್ಚರ. ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ಆನ್ ಆಗುವ ಕಾರಾಗಿದ್ದರೆ ಅದರಲ್ಲಿ ಇಎಫ್‌ಬಿ ಅಥವಾ ಎಜಿಎಂ ಅನ್ನುವ ಗಟ್ಟಿ ಮಾದರಿಯ ಬ್ಯಾಟರಿ ಇರುತ್ತದೆ. ಅದರ ಜಾಗಕ್ಕೆ ಮಾಮೂಲಿ ಬ್ಯಾಟರಿ ಹಾಕಿಸಿದರೆ ಬೇಗ ಕೈಕೊಡುತ್ತದೆ. ಕೆಲವು ಕಾರುಗಳಿಗೆ "ಹೊಸ ಬ್ಯಾಟರಿ ಬಂದಿದೆ" ಅಂತ ಕಂಪ್ಯೂಟರ್‌ನಲ್ಲಿ ತಿಳಿಸಲೂ ಬೇಕು.

ಜಂಪ್ ಕೊಡುವಾಗ ಕೊನೆಯ ಕಪ್ಪು ಕ್ಲಿಪ್ಪನ್ನು ಎಲ್ಲಿ ಹಾಕಿದಿರಿ? ಸುಮಾರು ಜನ ಸತ್ತ ಬ್ಯಾಟರಿಯ ನೆಗೆಟಿವ್‌ಗೇ ಸಿಕ್ಕಿಸುತ್ತಾರೆ. ಕಿಡಿ ಹಾರುವುದು ಆ ಕೊನೆಯ ಕ್ಲಿಪ್ಪಿನಲ್ಲೇ. ಹೈಡ್ರೋಜನ್ ಇರುವುದೂ ಅಲ್ಲೇ. ಕೆಂಪು ಎರಡೂ ಪಾಸಿಟಿವ್‌ಗೆ, ಮೊದಲ ಕಪ್ಪು ಒಳ್ಳೆಯ ಬ್ಯಾಟರಿಯ ನೆಗೆಟಿವ್‌ಗೆ, ಕೊನೆಯ ಕಪ್ಪು ನಿಮ್ಮ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರಕ್ಕೆ. ಇದಕ್ಕಾಗಿಯೇ ಜಾಗ ಗುರುತಿಸಿದ್ದಾರಾ ಅಂತ ನಿಮ್ಮ ಕಾರಿನ ಕೈಪಿಡಿಯಲ್ಲಿ ನೋಡಿ.

ಈಗ ಟೈರಿಗೆ ಬರೋಣ. ನಡುಗುವುದು, ಎಳೆಯುವುದು, ಒಳ ಅಂಚು ಸವೆಯುವುದು, ಈ ಮೂರನ್ನೂ ಒಂದೇ ರೋಗ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ನಡುಗುವುದು ಬ್ಯಾಲೆನ್ಸಿಂಗ್ ತಪ್ಪಿದ್ದಕ್ಕೆ. ಎಳೆಯುವುದು, ಒಂದು ಅಂಚು ಮಾತ್ರ ಸವೆಯುವುದು ಅಲೈನ್‌ಮೆಂಟ್ ತಪ್ಪಿದ್ದಕ್ಕೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಒಂದೇ ಕೆಲಸ ಅಂತ ಜನಕ್ಕೆ ಅನಿಸಿಬಿಟ್ಟಿದೆ. ಬ್ಯಾಲೆನ್ಸಿಂಗ್ ಅಂದರೆ ಚಕ್ರದ ತೂಕ ಸುತ್ತಲೂ ಸಮ ಮಾಡುವುದು. ಅಲೈನ್‌ಮೆಂಟ್ ಅಂದರೆ ಚಕ್ರ ನೆಟ್ಟಗೆ ನಿಂತು ನೇರಕ್ಕೆ ನೋಡುವಂತೆ ಕೋನ ಸರಿಪಡಿಸುವುದು.

ಸವೆದ ಟೈರಿನ ಮೇಲೆ ಅಂಗೈಯಿಂದ ಅಡ್ಡಡ್ಡ ಸವರಿ. ಒಳಗಿಂದ ಹೊರಕ್ಕೆ ಒಮ್ಮೆ, ಹೊರಗಿಂದ ಒಳಕ್ಕೆ ಒಮ್ಮೆ. ಮೊದಲು ನೋಡಿಕೊಳ್ಳಿ, ತಂತಿ ಹೊರಬಂದಿದ್ದರೆ ಕೈ ಕುಯ್ಯುತ್ತದೆ. ಒಂದು ಕಡೆಗೆ ಸವರಿದರೆ ನಯ, ವಾಪಸ್ ಬರುವಾಗ ಗರಗಸದ ಹಲ್ಲಿನ ಥರ ತಗುಲಿದರೆ ಟೋ ತಪ್ಪಿದೆ, ಅಂದರೆ ಚಕ್ರ ನೇರ ಉರುಳದೆ ಸ್ವಲ್ಪ ಓರೆಯಾಗಿ ಉಜ್ಜಿಕೊಂಡು ಹೋಗುತ್ತಿದೆ. ಹಲ್ಲಿಲ್ಲದೆ ಅಂಚು ನುಣ್ಣಗೆ ಸವೆದಿದ್ದರೆ ಚಕ್ರ ವಾಲಿ ನಿಂತಿರಬಹುದು, ಅದು ಕ್ಯಾಂಬರ್. ಒಂದೇ ಚಕ್ರಕ್ಕೆ ಹೀಗಾಗಿದೆ ಅಂದರೆ ಗುಂಡಿಗೆ ಇಳಿಸಿದಾಗ ಒಂದು ಪೆಟ್ಟು ಬಿದ್ದಿರುವ ಸಾಧ್ಯತೆ ಇದೆ. ಚಕ್ರವನ್ನು ಅದರ ಜಾಗದಲ್ಲಿ ಹಿಡಿದಿಡುವ ಬಾಲ್ ಜಾಯಿಂಟ್, ಟೈ ರಾಡ್, ಬುಷ್ ಇವು ಸಡಿಲವಾಗಿವೆಯಾ ಅಂತ ನೋಡದೆ ಬರೀ ಅಲೈನ್‌ಮೆಂಟ್ ಮಾಡಿಸಿದರೆ ಒಂದು ತಿಂಗಳಲ್ಲಿ ಮತ್ತೆ ಅದೇ ಕತೆ. ಹಾಗಾಗಿ ಅಲೈನ್‌ಮೆಂಟ್‌ಗೆ ಕೊಡುವಾಗ ಮೊದಲು ಇದನ್ನು ಅಲ್ಲಾಡಿಸಿ ನೋಡಿ ಅನ್ನಿ. ಮುಗಿದ ಮೇಲೆ ಮೊದಲಿನ ಮತ್ತು ಈಗಿನ ಕೋನಗಳ ಪ್ರಿಂಟ್ ಕೇಳಿ ತೆಗೆದುಕೊಳ್ಳಿ.

ಇನ್ನೊಂದು ವಿಷಯ. ನಿಂತೇ ಇರುವ ಕಾರಿನಲ್ಲಿ ಬ್ರೇಕ್ ಹಿಡಿದುಕೊಂಡೂ ಒಂದು ಕಡೆ ಎಳೆಯಬಹುದು. ಹತ್ತು ಕಿ.ಮೀ. ಹೋಗಿ ಬಂದು ಮುಂದಿನ ಎರಡೂ ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಎಡಗಡೆ ಮಾತ್ರ ಒಲೆಯ ಹಾಗೆ ಕಾಯುತ್ತಿದ್ದರೆ ಅಲೈನ್‌ಮೆಂಟ್ ಬಿಟ್ಟು ಮೊದಲು ಬ್ರೇಕ್ ನೋಡಿಸಿ.

ನಡುಕಕ್ಕೆ ಬ್ಯಾಲೆನ್ಸಿಂಗ್ ಮಾಡಿಸುವ ಮುನ್ನ ರಿಮ್ಮಿನ ಒಳಮೈಗೆ ಟಾರ್ಚ್ ಬಿಡಿ. ಒಣಗಿದ ಕೆಸರಿನ ಹೆಂಟೆ ಅಂಟಿದ್ದರೂ ಸಾಕು, ಸ್ಟೀರಿಂಗ್ ಗಡಗಡ ಅನ್ನುತ್ತದೆ. ಒಂದು ಸ್ಕ್ರೂಡ್ರೈವರ್‌ನಿಂದ ಕೆರೆದು ಗುಣಪಡಿಸಿದ ನಡುಕಗಳು ನನ್ನ ಲೆಕ್ಕದಲ್ಲಿ ಕಡಿಮೆಯೇನಿಲ್ಲ. ವಾರಗಟ್ಟಲೆ ಒಂದೇ ಕಡೆ ನಿಂತರೆ ನೆಲಕ್ಕೆ ಒತ್ತಿದ ಜಾಗ ಚಪ್ಪಟೆಯಾಗಿ, ಮೊದಲ ಕೆಲವು ಕಿ.ಮೀ. ದಡದಡ ಅನ್ನುವುದೂ ಇದೆ. ಟೈರು ಬಿಸಿಯಾದಂತೆ ಅದು ಹೋಗುತ್ತದೆ. ನಿಮ್ಮದು ಅರ್ಧ ಗಂಟೆ ಓಡಿದ ಮೇಲೂ ನಡುಗುತ್ತದಾ? ಹಾಗಾದರೆ ಬ್ಯಾಲೆನ್ಸಿಂಗ್ ಅಥವಾ ಸೊಟ್ಟಗಾದ ರಿಮ್. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ನೋಡಿಸಬೇಕು.

ಹಾಗಾದರೆ ಟೈರು ಬದಲಿಸಬೇಕಾ? ದೊಡ್ಡ ತೋಡುಗಳ ತಳದಲ್ಲಿ ಅಲ್ಲಲ್ಲಿ ರಬ್ಬರಿನ ಸಣ್ಣ ದಿಂಡು ಇರುತ್ತದೆ. ಅದರ ಎತ್ತರ 1.6 ಮಿ.ಮೀ. ಟೈರಿನ ಮೇಲ್ಮೈ ಆ ದಿಂಡಿನ ಮಟ್ಟಕ್ಕೆ ಬಂತೆಂದರೆ ಮುಗಿಯಿತು. ಅದು ಕೊನೆಯ ಗಡುವು. ಮಳೆಯಲ್ಲಿ ಓಡಿಸುವವರು 3 ಮಿ.ಮೀ.ಗೇ ಬದಲಿಸುವುದು ಒಳ್ಳೆಯದು, ಯಾಕೆಂದರೆ ತೋಡು ಕಡಿಮೆಯಾದಷ್ಟೂ ನೀರು ಆಚೆ ಹೋಗದೆ ಟೈರು ನೀರಿನ ಮೇಲೆ ತೇಲುತ್ತದೆ. ಮಧ್ಯದಲ್ಲಿ ಎಷ್ಟೇ ಚೆನ್ನಾಗಿದ್ದರೂ ಒಂದು ಅಂಚು ನುಣ್ಣಗಾಗಿದ್ದರೆ ಆ ಟೈರನ್ನು ನಾನು ಇಟ್ಟುಕೊಳ್ಳುವುದಿಲ್ಲ.

ಒಂದೇ ಆಕ್ಸಲ್‌ನ ಎರಡೂ ಟೈರು ಒಂದೇ ಥರ ಇರಬೇಕು. ಹಾಗಾಗಿ ಮುಂದಿನ ಎರಡನ್ನು ಬದಲಿಸಿ. ಅಲ್ಲಿನ ಬಲ ಟೈರು ಚೆನ್ನಾಗಿದ್ದರೆ ಅದನ್ನೇ ಸ್ಟೆಪ್ನಿ ಮಾಡಿಕೊಳ್ಳಿ, ಅಳತೆ ಒಂದೇ ಆಗಿದ್ದರೆ. ಹೊಸ ಜೋಡಿಯನ್ನು ಹಿಂದಕ್ಕೆ ಹಾಕಿಸಿ, ಹಿಂದಿನ ಒಳ್ಳೆಯ ಜೋಡಿ ಮುಂದಕ್ಕೆ ಬರಲಿ. ಇದಕ್ಕೆ ಅಂಗಡಿಯವರೇ ಕೆಲವೊಮ್ಮೆ ವಾದಕ್ಕೆ ನಿಲ್ಲುತ್ತಾರೆ. ಒದ್ದೆ ರಸ್ತೆಯಲ್ಲಿ ಮುಂದಿನ ಟೈರು ಜಾರಿದರೆ ಕಾರು ನೆಟ್ಟಗೆ ಹೋಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಹಿಡಿತ ವಾಪಸ್ ಸಿಗುತ್ತದೆ. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ನಮ್ಮ-ನಿಮ್ಮಂಥವರ ಕೈಗೆ ಅದು ಸಿಗುವುದಿಲ್ಲ.

ಆದರೆ ಹಿಂದಿನವು "ನೋಡಲು ಚೆನ್ನಾಗಿವೆ" ಅಂದಿರಿ. ವಯಸ್ಸು ನೋಡಿದಿರಾ? ಟೈರಿನ ಪಕ್ಕದ ಗೋಡೆಯಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 3821 ಅಂತಿದ್ದರೆ 2021ನೇ ಇಸವಿಯ 38ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ. ಹತ್ತು ವರ್ಷ ಆಗಿದ್ದರೆ ತೋಡು ಎಷ್ಟಿದ್ದರೂ ತೆಗೆಯಿರಿ. ರಬ್ಬರು ಬಿಸಿಲಿಗೆ, ಗಾಳಿಗೆ ಒಣಗಿ ಬಿರಿಯುತ್ತದೆ. ಕಡಿಮೆ ಓಡುವ ಕಾರಿನ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಪಕ್ಕದ ಗೋಡೆಯಲ್ಲಿ ಎಲ್ಲಾದರೂ ಗುಬುಟು ಎದ್ದಿದ್ದರೆ ಒಳಗಿನ ದಾರಗಳು ಹರಿದಿವೆ. ಅದಕ್ಕೆ ರಿಪೇರಿ ಅನ್ನುವುದೇ ಇಲ್ಲ, ಅದೇ ದಿನ ಬದಲಿಸಿ.

ಗಾಳಿಯ ವಿಷಯ ಎಲ್ಲರೂ ಹೇಳುತ್ತಾರೆ, ನಾನು ಎರಡು ತಪ್ಪು ಮಾತ್ರ ಹೇಳುತ್ತೇನೆ. ಒಂದು, ಟೈರಿನ ಮೇಲೆ ಬರೆದ ಒತ್ತಡ ನೋಡಿ ಗಾಳಿ ಹೊಡೆಸುವುದು. ಅದು ಆ ಟೈರು ತಡೆಯುವ ಗರಿಷ್ಠ ಒತ್ತಡ. ನಿಮ್ಮ ಕಾರಿಗೆ ಎಷ್ಟು ಬೇಕು ಅನ್ನುವುದು ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಅಥವಾ ಕೈಪಿಡಿಯಲ್ಲಿ ಇರುತ್ತದೆ. ಎರಡು, ಓಡಿಸಿ ಬಂದ ಬಿಸಿ ಟೈರಿನಲ್ಲಿ ಅಳೆದು ಜಾಸ್ತಿ ಇದೆ ಅಂತ ಗಾಳಿ ಬಿಡುವುದು. ಸ್ಟಿಕ್ಕರ್‌ನಲ್ಲಿ 33 ಪಿಎಸ್‌ಐ ಇದ್ದರೆ ಬಿಸಿಯಲ್ಲಿ 37 ತೋರಿಸುವುದು ಸಹಜ. ಅದನ್ನು 33ಕ್ಕೆ ಇಳಿಸಿದರೆ ತಣ್ಣಗಾದಾಗ 29 ಆಗಿರುತ್ತದೆ. ಸ್ವಂತಕ್ಕೊಂದು ಗೇಜ್ ಇಟ್ಟುಕೊಂಡು, ಕಾರು ಮೂರು ಗಂಟೆಯಾದರೂ ನಿಂತ ಮೇಲೆ ನೋಡಿ. ತೂತಿಲ್ಲದ ಟೈರೂ ತಿಂಗಳಿಗೆ ಒಂದು ಪಿಎಸ್‌ಐ ಅಷ್ಟು ಕಳೆದುಕೊಳ್ಳುತ್ತದೆ. ಡ್ಯಾಶ್‌ಬೋರ್ಡ್ ದೀಪ ಹತ್ತಲಿ ಅಂತ ಕಾಯಬೇಡಿ, ಎಷ್ಟೋ ಕಾರುಗಳಲ್ಲಿ ಕಾಲುಭಾಗ ಇಳಿದ ಮೇಲೇ ಅದು ಹತ್ತುವುದು. ನೈಟ್ರೋಜನ್ ಬೇಕಾ ಅಂತ ಯಾರಾದರೂ ಕೇಳಿದರೆ, ಮಾಮೂಲಿ ಗಾಳಿಯಲ್ಲೇ 78 ಭಾಗ ಅದೇ ಇದೆ ಅನ್ನಿ.

ಒಂದೇ ಟೈರು ಪದೇ ಪದೇ ಇಳಿಯುತ್ತಿದ್ದರೆ ಸೋಪಿನ ನೀರು ತೆಗೆದುಕೊಂಡು ವಾಲ್ವ್ ಬಾಯಿಗೆ, ರಿಮ್ಮೂ ಟೈರೂ ಸೇರುವ ಅಂಚಿಗೆ, ಆಮೇಲೆ ತೋಡುಗಳಿಗೆ ಹಾಕಿ. ಗುಳ್ಳೆ ಎಲ್ಲಿ ಏಳುತ್ತದೋ ಅಲ್ಲಿದೆ. ಹೊಸ ಟೈರು ಹಾಕಿಸುವಾಗ ರಬ್ಬರ್ ವಾಲ್ವನ್ನೂ ಬದಲಿಸಿಕೊಳ್ಳಿ.

ಚಕ್ರ ಬಿಚ್ಚಿ ಹಾಕಿದ ಮೇಲೆ ನಟ್ಟುಗಳನ್ನು ಗಾಳಿ ಗನ್ನಿನಿಂದ ಗರ್‌ರ್ ಅನ್ನಿಸಿ ಬಿಟ್ಟುಬಿಡುತ್ತಾರೆ. ಹಾಗೆ ಬಿಗಿದ ನಟ್ಟನ್ನು ರಾತ್ರಿ ರಸ್ತೆ ಬದಿಯಲ್ಲಿ ತೆಗೆಯಲು ಸ್ಪ್ಯಾನರ್ ಮೇಲೆ ನಿಂತು ಕುಣಿದವನು ನಾನು. ಕೊನೆಯ ಬಿಗಿ ಟಾರ್ಕ್ ರೆಂಚ್‌ನಿಂದ, ಎದುರುಬದುರು ನಟ್ಟುಗಳ ಕ್ರಮದಲ್ಲಿ ಆಗಬೇಕು. ಎಷ್ಟು ಅಂತ ಕೈಪಿಡಿಯಲ್ಲಿ ಇದೆ. 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಿ. ನಟ್ಟಿನ ತಿರುಪಿಗೆ ಎಣ್ಣೆ ಬೇಡ, ಅಳತೆ ತಪ್ಪಿ ಅತಿಯಾಗಿ ಬಿಗಿಯುತ್ತದೆ.

ಮುಂದಕ್ಕೆ ನೀವು ಮಾಡಬೇಕಾದ್ದು ಹೆಚ್ಚೇನಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ, ನಿಂತು ನಿಂತು ಹೋಗದ ರಸ್ತೆಯಲ್ಲಿ ಓಡಿಸಿ. ಬ್ಯಾಟರಿ, ಟೈರು, ಬ್ರೇಕ್ ಮೂರಕ್ಕೂ ಅದೇ ಔಷಧಿ. ಆಗುವುದಿಲ್ಲ ಅಂದರೆ ಎರಡು ವಾರಕ್ಕೊಮ್ಮೆ ರಾತ್ರಿ ಚಾರ್ಜರ್ ಹಾಕಿ, ಕಾರನ್ನು ಅರ್ಧ ಸುತ್ತಿನಷ್ಟು ಮುಂದೆ ಉರುಳಿಸಿ. ತಿಂಗಳುಗಟ್ಟಲೆ ಊರಲ್ಲಿ ಇರುವುದಿಲ್ಲವಾದರೆ ನೆಗೆಟಿವ್ ಕ್ಲ್ಯಾಂಪ್ ತೆಗೆದಿಡಬಹುದು. ರೇಡಿಯೊ ಕೋಡ್ ಕೇಳುತ್ತದಾ, ಬ್ಯಾಟರಿ ಇಲ್ಲದಾಗ ಬಾಗಿಲು ಕೀಲಿಯಿಂದ ತೆಗೆಯಲು ಬರುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಟೈರುಗಳನ್ನು 10,000 ಕಿ.ಮೀ.ಗೊಮ್ಮೆ ಜಾಗ ಬದಲಿಸಿ, ನಿಮ್ಮ ಓಟಕ್ಕೆ ಅದು ಎರಡು ವರ್ಷಕ್ಕೊಮ್ಮೆ ಆಯಿತು. ಪಕ್ಕದ ಗೋಡೆಯ ಮೇಲೆ ತಿರುಗುವ ದಿಕ್ಕಿನ ಬಾಣ ಇದ್ದರೆ ಮುಂದೆ-ಹಿಂದೆ ಮಾತ್ರ ಬದಲಿಸಬೇಕು, ಎಡ-ಬಲ ಅಲ್ಲ.

ಸ್ಟೆಪ್ನಿಯನ್ನು ಈ ನಾಲ್ಕು ವರ್ಷದಲ್ಲಿ ಒಮ್ಮೆಯಾದರೂ ಹೊರಗೆ ತೆಗೆದಿದ್ದೀರಾ? ಗಾಳಿ ನೋಡಿ, ಡಿಒಟಿ ಅಂಕಿ ನೋಡಿ. ತೆಳುವಾದ ತಾತ್ಕಾಲಿಕ ಚಕ್ರವಾಗಿದ್ದರೆ ಅದಕ್ಕೆ ಮಾಮೂಲಿ ಟೈರಿಗಿಂತ ಬಹಳ ಜಾಸ್ತಿ ಒತ್ತಡ ಬೇಕು, ಎಷ್ಟೋ ಸಲ 60 ಪಿಎಸ್‌ಐ. ವೇಗದ ಮಿತಿಯೂ ಅದರ ಮೇಲೇ ಬರೆದಿರುತ್ತದೆ, ಸಾಮಾನ್ಯವಾಗಿ 80 ಕಿ.ಮೀ. ಜ್ಯಾಕ್ ಅಲ್ಲೇ ಇದೆಯಾ ಅಂತಲೂ ನೋಡಿಬಿಡಿ.